ಕೊಲೆಗಾರನ ನಡತೆ ಪ್ರಮಾಣಪತ್ರ

ಕೊಲೆಗಾರ ಒಳ್ಳೆಯವನಾಗಿರಬೇಕು. ಅಪರಾಧ ಕಾದಂಬರಿ ಓದುವವರ ಈಚಿನ ಬೇಡಿಕೆ ಇದು. ನಾಲ್ಕು ಜನರನ್ನು ಕೊಲ್ಲಲಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಕೊಲ್ಲುವ ಮೊದಲು, ಚಿಕ್ಕಂದಿನಲ್ಲಿ ಮಲತಾಯಿ ಬರೆ ಹಾಕಿದ್ದನ್ನು ಒಂದು ಅಧ್ಯಾಯ ಹೇಳಿಕೊಳ್ಳಬೇಕು. ಕೊಂದ ಮೇಲೆ ಒಂದು ರಾತ್ರಿಯಾದರೂ ನಿದ್ದೆ ಬಾರದೆ ಹೊರಳಾಡಬೇಕು. ನಡುವೆ ಎಲ್ಲಾದರೂ ಬೀದಿನಾಯಿಗೊಂದು ಬಿಸ್ಕತ್ತು ಹಾಕಬೇಕು. ಇದ್ಯಾವುದೂ ಇಲ್ಲದೆ, ಕೊಂದೆ, ಕೈ ತೊಳೆದೆ, ಊಟ ಮಾಡಿದೆ ಅಂತ ಕಥೆ ಹೇಳಿಕೊಂಡು ಹೋಗುವವನು ಸಿಕ್ಕಿದರೆ ಓದುಗ ಮಹಾಶಯರು ಪುಸ್ತಕ ಮಡಚಿ, ಕನ್ನಡಕ ತೆಗೆದು, ತೀರ್ಪು ಕೊಡುತ್ತಾರೆ: 'ಕಥೆ ಹೇಳುವ ಮನುಷ್ಯ ಯಾಕೋ ಇಷ್ಟವಾಗಲಿಲ್ಲ.'

ಹೆಣ್ಣು ನೋಡಿ ಉಪ್ಪಿಟ್ಟು ತಿಂದು ಬಂದವರ ಧಾಟಿ ನೋಡಿ ಇದು. ಪುಸ್ತಕದೊಳಗಿನ ಮನುಷ್ಯನ ಜತೆ ಇವರೇನು ಸಂಬಂಧ ಬೆಳೆಸಬೇಕಿತ್ತೆ? ಪುಸ್ತಕದ ಹೊರಗೆ ಇದೇ ಜನ ಇಷ್ಟು ಕಟ್ಟುನಿಟ್ಟಲ್ಲ. ಜಾಮೀನಿನ ಮೇಲೆ ಹೊರಬಂದವರಿಗೆ ಕ್ರೇನಿನಲ್ಲಿ ಸೇಬಿನ ಹಾರ ಎತ್ತಿ ಹಾಕುವ ನಾಡು ನಮ್ಮದು. ನಿಜವಾದ ಆರೋಪಿಗೆ ಸೇಬು, ಕಾಲ್ಪನಿಕ ಆರೋಪಿಗೆ ಸನ್ನಡತೆಯ ಪರೀಕ್ಷೆ. ಕೊಲೆ ಮಾಡುವ ನಿರೂಪಕರೆಲ್ಲ ಇನ್ನು ಮುಂದೆ ಮೊದಲ ಪುಟದಲ್ಲೇ ಗೆಜೆಟೆಡ್ ಅಧಿಕಾರಿಯ ಸಹಿ, ಮೊಹರಿನೊಂದಿಗೆ ನಡತೆ ಪ್ರಮಾಣಪತ್ರ ಅಂಟಿಸಬೇಕು ಅಂತ ಆದೇಶ ಹೊರಟರೆ ನನಗಂತೂ ಆಶ್ಚರ್ಯವಿಲ್ಲ.

ಈ ಪ್ರಮಾಣಪತ್ರ ಯಾವ ಜನ್ಮದಲ್ಲೂ ಸಿಗದವನೊಬ್ಬನ ಪರಿಚಯ ಮಾಡಿಕೊಡುತ್ತೇನೆ. ಹೆಸರು ಲೂ ಫೋರ್ಡ್. ವಯಸ್ಸು 29. ಅಮೆರಿಕದ ಟೆಕ್ಸಾಸಿನಲ್ಲಿ, ಎಣ್ಣೆ ಸಿಕ್ಕಿ ದಿಢೀರನೆ ಉಬ್ಬಿಕೊಂಡ ಸೆಂಟ್ರಲ್ ಸಿಟಿ ಎಂಬ ಊರಿನಲ್ಲಿ ಡೆಪ್ಯುಟಿ ಷೆರಿಫ್. ಅಂದರೆ ಪೊಲೀಸ್. ಜಿಮ್ ಥಾಂಪ್ಸನ್ 1952ರಲ್ಲಿ ಬರೆದ 'ದಿ ಕಿಲ್ಲರ್ ಇನ್‌ಸೈಡ್ ಮಿ' ಕಾದಂಬರಿಯ ಕಥೆಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಇವನೇ ಹೇಳುತ್ತಾನೆ. ಊರವರ ಲೆಕ್ಕದಲ್ಲಿ ಲೂ ಬಂಗಾರದಂಥ ಹುಡುಗ. ಬುದ್ಧಿ ಸ್ವಲ್ಪ ಮಂದ, ಆದರೆ ಮನಸ್ಸು ಒಳ್ಳೆಯದು. ಸೊಂಟಕ್ಕೆ ಪಿಸ್ತೂಲು ಕೂಡ ಕಟ್ಟದ ಪೊಲೀಸ್. ಮನೆಗೆ ಹೋಗಿ ಬಾಗಿಲು ಹಾಕಿಕೊಂಡರೆ ಬೇರೆಯೇ ಮನುಷ್ಯ. ತೀರಿಹೋದ ಡಾಕ್ಟರ್ ಅಪ್ಪನ ಪುಸ್ತಕದ ಕಪಾಟಿನಿಂದ ಮನೋರೋಗದ ದಪ್ಪ ದಪ್ಪ ಗ್ರಂಥ ತೆಗೆದು, ಮೂಲ ಜರ್ಮನ್ ಭಾಷೆಯಲ್ಲೇ ಓದುತ್ತಾನೆ. ಬೇಜಾರಾದರೆ ಕ್ಯಾಲ್ಕುಲಸ್ ಲೆಕ್ಕ ಬಿಡಿಸುತ್ತಾನೆ. ಆಮೇಲೆ ಎದ್ದು ಹೋಗಿ ತನ್ನನ್ನು ಪ್ರೀತಿಸುವ ಹೆಂಗಸರನ್ನು ಹೊಡೆಯುತ್ತಾನೆ, ಕೊಲ್ಲುತ್ತಾನೆ.

ನನ್ನನ್ನು ಹೆಚ್ಚು ಕಾಡಿದ್ದು ಅವನ ಕೊಲೆಗಳಿಗಿಂತ ಅವನ ಗಾದೆಗಳು. ಲೂ ಫೋರ್ಡ್ ಮಾತಾಡುವುದೆಲ್ಲ ಸವೆದು ಹೋದ ನುಡಿಮುತ್ತುಗಳಲ್ಲಿ. ದಾರಿಯಲ್ಲಿ ಸಿಕ್ಕವರನ್ನು ನಿಲ್ಲಿಸಿ, ಅವಸರವೇ ಅಪಾಯ, ತಾಳಿದವನು ಬಾಳಿಯಾನು, ಮೋಡ ಕವಿದ ಮೇಲೆ ಮಳೆ ಬಂದೇ ಬರುತ್ತದೆ ಎಂಬಂಥ ಮಾತುಗಳನ್ನು ನಿಧಾನವಾಗಿ, ಮುಖದ ಮೇಲೆ ಪೆದ್ದುನಗೆ ಇಟ್ಟುಕೊಂಡು, ಒಂದರ ಮೇಲೊಂದು ಸುರಿಯುತ್ತಾನೆ. ಎದುರಿಗಿದ್ದವನು ಕಾಲು ಬದಲಿಸುತ್ತಾನೆ, ಗಡಿಯಾರ ನೋಡುತ್ತಾನೆ, ಬೆವರುತ್ತಾನೆ. ಒಳ್ಳೆಯ ಹುಡುಗನ ಮನಸ್ಸು ನೋಯಿಸಬಾರದು ಅಂತ ಓಡಿಹೋಗಲಾರ. ಲೂ ಇದನ್ನು ತಿಳಿದೇ ಮಾಡುತ್ತಾನೆ. ಕೈಯಿಂದ ಹೊಡೆಯುವ ಚಟವನ್ನು ತಡೆದುಕೊಳ್ಳಲು ಬಾಯಿಂದ ಹೊಡೆಯುವುದು. ಸುಖ ಹೆಚ್ಚುಕಡಿಮೆ ಅಷ್ಟೇ ಅಂತ ಓದುಗರಿಗೆ ಗುಟ್ಟಾಗಿ ಹೇಳಿಯೂ ಬಿಡುತ್ತಾನೆ.

ಈ ಭಾಗ ಓದಿದಾಗ ನನ್ನ ಬೆನ್ನಹುರಿಯಲ್ಲಿ ಛಳುಕು ಬಂತು. ನಸುಕಿನ ಐದೂವರೆಗೆ ಗುಲಾಬಿ ಹೂವಿನ ಚಿತ್ರದ ಮೇಲೆ 'ನಗು ನಗುತಾ ಇರು, ಜಗವೇ ನಿನ್ನದು' ಎಂಬ ಶೈಲಿಯ ಸುಭಾಷಿತ ಬರೆದು ಕುಟುಂಬದ ವಾಟ್ಸ್ಯಾಪ್ ಗುಂಪಿಗೆ ಬಿಡುವ ದೊಡ್ಡಪ್ಪಂದಿರು, ಪಾರ್ಕಿನಲ್ಲಿ ತಡೆದು ನಿಲ್ಲಿಸಿ 'ಆಗುವುದೆಲ್ಲ ಒಳ್ಳೇದಕ್ಕೇ ಕಣಪ್ಪ' ಅಂತ ಅರ್ಧ ಗಂಟೆ ಹೇಳುವ ನಿವೃತ್ತರು, ಕೆಲಸದಿಂದ ತೆಗೆಯುವ ದಿನ 'ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆಯುತ್ತೆ' ಅನ್ನುವ ಎಚ್‌ಆರ್ ಮೇಡಂ: ಇವರೆಲ್ಲ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಏನು ಓದುತ್ತಿರಬಹುದು? ಕ್ಯಾಲ್ಕುಲಸ್ ಮಾಡುತ್ತಾರೆಯೇ? ಥಾಂಪ್ಸನ್ ಈ ಅನುಮಾನ ಹುಟ್ಟಿಸಿ ಎಪ್ಪತ್ತು ವರ್ಷ ದಾಟಿತು. ಪರಿಹಾರ ಹೇಳದೆ ಹೋದ.

ಹೋದದ್ದು 1977ರಲ್ಲಿ. ಆಗ ಅವನ ಒಂದು ಪುಸ್ತಕವೂ ಅಮೆರಿಕದ ಅಂಗಡಿಗಳಲ್ಲಿ ಅಚ್ಚಿನಲ್ಲಿರಲಿಲ್ಲ. ಹುಟ್ಟಿದ್ದು 1906ರಲ್ಲಿ, ಒಕ್ಲಹೋಮಾದ ಅನಡಾರ್ಕೊ ಊರಿನ ಜೈಲಿನ ಮೇಲಿನ ಮನೆಯಲ್ಲಿ. ಅಪ್ಪ ಅಲ್ಲಿಯ ಷೆರಿಫ್. ಷೆರಿಫ್ ಅಪ್ಪ ಹಣದ ಲೆಕ್ಕದ ಆರೋಪ ಹೊತ್ತು ಊರುಬಿಟ್ಟವನು. ಮಗ ಬೆಳೆದು, ಒಳ್ಳೆಯವನಂತೆ ಕಾಣುವ ಪೊಲೀಸರ ತಲೆಯೊಳಗೆ ಕೂತು ಒಂದಲ್ಲ ಎರಡು ಕಾದಂಬರಿ ಬರೆದದ್ದರಲ್ಲಿ ಅತಿಶಯವೇನಿಲ್ಲ. ಎರಡನೆಯದು 1964ರ 'ಪಾಪ್. 1280'; ಅದರ ಷೆರಿಫ್ ನಿಕ್ ಕೋರಿ ಇನ್ನೂ ಅಪಾಯ, ಯಾಕೆಂದರೆ ಅವನು ನಗಿಸುತ್ತಾನೆ. ಸತ್ತ ಹದಿಮೂರು ವರ್ಷಕ್ಕೆ ಥಾಂಪ್ಸನ್ನನ ಇನ್ನೊಂದು ಕಾದಂಬರಿ 'ದಿ ಗ್ರಿಫ್ಟರ್ಸ್' ಸಿನಿಮಾ ಆಗಿ ನಾಲ್ಕು ಆಸ್ಕರ್ ನಾಮನಿರ್ದೇಶನ ಪಡೆಯಿತು. ಒಳ್ಳೆಯ ಕೊಲೆಗಾರರನ್ನು ಸೃಷ್ಟಿಸಿದ್ದರೆ ಬದುಕಿದ್ದಾಗಲೇ ನಾಲ್ಕು ಕಾಸು ಕಾಣುತ್ತಿದ್ದನೇನೋ.

ನಮ್ಮ ಬಡಾವಣೆಯಲ್ಲೊಂದು ಓದುಗರ ಬಳಗವಿದೆ. ತಿಂಗಳಿಗೊಂದು ಪುಸ್ತಕ, ಸರದಿಯಂತೆ ಒಬ್ಬೊಬ್ಬರ ಮನೆಯ ಹಾಲ್, ಕೋಡುಬಳೆ, ಕಾಫಿ. ಓದದೆ ಬಂದವರು ಕೋಡುಬಳೆಯ ಬಗ್ಗೆ ಮಾತಾಡುತ್ತಾರೆ. ಓದಿ ಬಂದವರೂ ಸ್ವಲ್ಪ ಹೊತ್ತಿಗೆ ಅಲ್ಲಿಗೇ ಬರುತ್ತಾರೆ. ಲೂ ಫೋರ್ಡನನ್ನು ಈ ಬಳಗಕ್ಕೆ ಪರಿಚಯಿಸಿದ ಪಾಪ ನನ್ನದು.

'ಅವನಿಗೆ ಪಶ್ಚಾತ್ತಾಪ ಅನ್ನೋದೇ ಇಲ್ಲವಲ್ಲ ಸಾರ್' ಅಂದರು ದಂತವೈದ್ಯೆ.

'ನಮ್ಮ ಬ್ಯಾಂಕಲ್ಲಿ ದೊಡ್ಡ ದೊಡ್ಡ ಸಾಲ ತಗೊಂಡವರಿಗೂ ಇರಲಿಲ್ಲ ಮೇಡಂ' ಅಂದರು ನಿವೃತ್ತ ಮ್ಯಾನೇಜರು. 'ಆದರೆ ಅವರು ಅದನ್ನ ಬರೆದು ನಮಗೆ ಓದಿಸ್ತಿರಲಿಲ್ಲ. ಅಷ್ಟು ಮರ್ಯಾದೆ ಇತ್ತು.'

'ನಂಗೆ ರಿಲೇಟ್ ಮಾಡ್ಕೊಳಕ್ಕೆ ಆಗಲಿಲ್ಲ' ಅಂದ ಸಾಫ್ಟ್‌ವೇರ್ ಹುಡುಗ.

ಆಗಲಿಲ್ಲವಂತೆ. ದೇವರು ದೊಡ್ಡವನು. ಆದರೆ ಈ ಹುಡುಗನನ್ನೇ ಸ್ವಲ್ಪ ಕೆದಕಿ ಕೇಳಿದೆ: ಕಾದಂಬರಿಯ ನಡುವೆ, ಪೊಲೀಸರಿಗೆ ಲೂ ಮೇಲೆ ಗುಮಾನಿ ಬರುವ ಜಾಗದಲ್ಲಿ ನಿನಗೇನನ್ನಿಸಿತು? ಸ್ವಲ್ಪ ಹೊತ್ತು ಸುಮ್ಮನಿದ್ದು, 'ಸಿಕ್ಕಿಹಾಕ್ಕೊಳ್ದೆ ಇದ್ರೆ ಸಾಕು ಅನ್ನಿಸ್ತು ಸಾರ್' ಅಂದ. ರಿಲೇಟ್ ಅಂದರೆ ಇನ್ನೇನು, ಮಾರಾಯ?

'ನಾನು' ಎಂದು ಕಥೆ ಹೇಳುವವನ ಮಾಯೆ ಇದು. ನಮ್ಮ ಹಳೆಯ ಪತ್ತೇದಾರಿ ಕಾದಂಬರಿಗಳು ಈ ಇಕ್ಕಟ್ಟು ತಂದಿರಲಿಲ್ಲ. ಬಾಡಿಗೆ ಪುಸ್ತಕದ ಅಂಗಡಿಯಿಂದ ಎನ್. ನರಸಿಂಹಯ್ಯನವರ ಪುಸ್ತಕ ತಂದರೆ ಪತ್ತೇದಾರ ಪುರುಷೋತ್ತಮನ ಬೆನ್ನಿಗೇ ನಾವೂ ಹೊರಡುತ್ತಿದ್ದೆವು. ಕೊಲೆಗಾರ ಓಡುವವನು, ನಾವು ಅಟ್ಟುವವರು. ಲೂ ಫೋರ್ಡ್ ನಮ್ಮನ್ನು ಕೈಹಿಡಿದು ಆಚೆ ಬದಿಗೆ ಕರೆದುಕೊಂಡು ಹೋಗುತ್ತಾನೆ. ಊರಿನಲ್ಲಿ ಅವನು ನಿಜವಾಗಿ ಇಷ್ಟಪಡುವ ಹುಡುಗನೊಬ್ಬನಿದ್ದಾನೆ, ಹೋಟೆಲಿನವನ ಮಗ ಜಾನಿ. ಲೂ ಅವನಿಗೆ ಪ್ರೀತಿಯಿಂದ ಕೊಟ್ಟ ಇಪ್ಪತ್ತು ಡಾಲರಿನ ನೋಟೇ ಗುರುತು ಹಾಕಿದ ನೋಟಾಗಿ, ಹುಡುಗ ಜೈಲಿಗೆ ಬೀಳುತ್ತಾನೆ. ಮಾತಾಡಿಸಿ ಬಾ ಎಂದು ಕಳಿಸುವುದು ಲೂನನ್ನೇ. ಕತ್ತಲ ಕೋಣೆಯಲ್ಲಿ ಅವನ ಪಕ್ಕ ಕೂತು ಲೂ ಮನಸ್ಸು ಬಿಚ್ಚಿ ಮಾತಾಡುತ್ತಾನೆ, ಆಮೇಲೆ ಹುಡುಗ ನೇಣಿನಲ್ಲಿರುತ್ತಾನೆ. ಜಾನಿ ಕೊನೆಯ ಗಳಿಗೆಯವರೆಗೂ ಲೂ ಮೇಲೆ ಇಟ್ಟಿದ್ದ ನಂಬಿಕೆ ನೋಡಿ ನಮಗೆ ಅಯ್ಯೋ ಅನ್ನಿಸುತ್ತದೆ. ಅದುವರೆಗೆ ಅವನ ಜತೆ ನೂರು ಪುಟ ನಡೆದು ಬಂದ ನಾವೇನು ಕಡಿಮೆ ನಂಬಿದ್ದೆವೆ?

ದಂತವೈದ್ಯೆಗೆ ಟಾಮ್ ರಿಪ್ಲಿ ಅಂದರೆ ಆಗುತ್ತದೆ. 'ಅವನಿಗೆ ಟೇಸ್ಟ್ ಇದೆ ಕಣ್ರೀ.' ಇದೆ, ಒಪ್ಪಿದೆ. ಪಟ್ರೀಷಿಯಾ ಹೈಸ್ಮಿತ್ ಈ ಮಹಾನುಭಾವನನ್ನು 1955ರಲ್ಲಿ ಹುಟ್ಟಿಸಿ, 1991ರವರೆಗೆ ಐದು ಕಾದಂಬರಿಗಳಲ್ಲಿ ಸಾಕಿದಳು. (ಕೈಚೀಲದಲ್ಲಿ ಬಸವನಹುಳುಗಳನ್ನು ಹಾಕಿಕೊಂಡು ಪಾರ್ಟಿಗೆ ಹೋಗುತ್ತಿದ್ದ ಹೆಂಗಸು, ಸಾಕುವುದು ಅವಳಿಗೆ ಗೊತ್ತಿತ್ತು.) ರಿಪ್ಲಿಯ ಕಥೆಯನ್ನು ಅವನ ಬಾಯಲ್ಲಿ ಹೇಳಿಸಿಲ್ಲ, ಆದರೆ ಅವನ ಹೆಗಲು ಬಿಟ್ಟು ಆಚೆಗೂ ಹೋಗುವುದಿಲ್ಲ. ಮೊದಲ ಪುಸ್ತಕದಲ್ಲಿ ಸ್ನೇಹಿತನನ್ನು ದೋಣಿಯಲ್ಲಿ ಹುಟ್ಟಿನಿಂದ ಬಡಿದು ಕೊಂದು, ಅವನ ಬಟ್ಟೆ, ಹೆಸರು, ಸಹಿ, ಕಡೆಗೆ ಆಸ್ತಿಯನ್ನೂ ಹಾಕಿಕೊಂಡವನು, ಮುಂದಿನ ಪುಸ್ತಕಗಳಲ್ಲಿ ಫ್ರಾನ್ಸಿನಲ್ಲಿ ತೋಟದ ಮನೆ, ಶ್ರೀಮಂತ ಹೆಂಡತಿ, ಅಡಿಗೆಯವಳು, ಹಾರ್ಪ್ಸಿಕಾರ್ಡ್ ಪಾಠ, ಡೇಲಿಯಾ ಹೂವು. 36 ವರ್ಷ, ಐದು ಪುಸ್ತಕ, ಒಂದು ದಿನವೂ ಸೆರೆಮನೆ ಕಾಣಲಿಲ್ಲ. ಲೂ ಫೋರ್ಡನಿಗೂ ಇವನಿಗೂ ವ್ಯತ್ಯಾಸ ಏನು ಅಂತ ಬಳಗದಲ್ಲಿ ಕೇಳಿದೆ. ಒಬ್ಬರು ಹೇಳಿದರು, 'ರಿಪ್ಲಿ ಕೊಲ್ಲುವುದು ಬೇರೆ ದಾರಿಯಿಲ್ಲದೆ.' ಬೇರೆ ದಾರಿ ಇತ್ತು ಸ್ವಾಮಿ, ಕೆಲಸಕ್ಕೆ ಹೋಗಬಹುದಿತ್ತು. ಆದರೆ ಸಂಗೀತ ಕಲಿಯುವ, ತೋಟ ಮಾಡುವ, ಅತಿಥಿಗಳಿಗೆ ಒಳ್ಳೆಯ ವೈನ್ ಬಗ್ಗಿಸುವ ಮನುಷ್ಯ ಕೆಟ್ಟವನು ಅಂತ ಒಪ್ಪಲು ಮಧ್ಯಮವರ್ಗಕ್ಕೆ ಭಾರಿ ಕಷ್ಟ. ಬಡಾವಣೆಯ ತ್ಯಾಗರಾಜರ ಆರಾಧನೆಗೆ ದೇಣಿಗೆ ಕೊಡುವ ಬಿಲ್ಡರ್ ಕೆರೆ ನುಂಗಿದ್ದಾನೆ ಅಂದರೆ ಯಾರು ನಂಬುತ್ತಾರೆ?

ಸೈಕೋಪಾತ್‌ಗಳನ್ನು ಅಳೆಯಲು ಒಂದು ಪಟ್ಟಿಯೇ ಇದೆ. ಕೆನಡಾದ ಮನಶ್ಶಾಸ್ತ್ರಜ್ಞ ರಾಬರ್ಟ್ ಹೇರ್ ಮಾಡಿದ್ದು. 20 ಅಂಶಗಳು, ಒಂದೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ, ಒಟ್ಟು 40. ಉತ್ತರ ಅಮೆರಿಕದಲ್ಲಿ 30 ಮುಟ್ಟಿದರೆ ಹಣೆಪಟ್ಟಿ. ತರಬೇತಾದವರು, ಕಡತ ನೋಡಿ, ಮುಖಾಮುಖಿ ಮಾತಾಡಿಸಿ, ಮುಖ್ಯವಾಗಿ ಕೈದಿಗಳ ಮೇಲೆ ಬಳಸಬೇಕಾದ್ದು. ನಮ್ಮ ಬಳಗಕ್ಕೆ ಅದು ಸಿಕ್ಕಿದ್ದೇ ತಡ, ಕೋಡುಬಳೆ ಮೂಲೆಗೆ ಬಿತ್ತು. ಮೇಲುಮೇಲಿನ ಮೋಡಿಯ ಮಾತು, ತಾನೇ ಮಹಾ ಎಂಬ ಭಾವ, ಸರಾಗ ಸುಳ್ಳು, ಬೇರೆಯವರನ್ನು ಆಡಿಸುವ ಚಾಕಚಕ್ಯ, ಮಾಡಿದ್ದಕ್ಕೆ ಮರುಕವಿಲ್ಲದಿರುವುದು, ಇನ್ನೊಬ್ಬರ ದುಡ್ಡಿನಲ್ಲಿ ಬದುಕುವುದು, ತಪ್ಪಿನ ಹೊಣೆ ಹೊರದಿರುವುದು. ಓದುತ್ತಾ ಓದುತ್ತಾ ಒಬ್ಬೊಬ್ಬರ ಮುಖವೂ ಅರಳಿತು. ಮ್ಯಾನೇಜರು ತಮ್ಮ ಷಡ್ಡಕನಿಗೆ 34 ಕೊಟ್ಟರು. ದಂತವೈದ್ಯೆ ಮನೆಯ ಓನರಿಗೆ 37. ಸಾಫ್ಟ್‌ವೇರ್ ಹುಡುಗ ಮಾತ್ರ ಗಾಬರಿಯಾಗಿ ಕೂತಿದ್ದ: ಈ ಪಟ್ಟಿಯ ಅರ್ಧ ಭಾಗ ಅವರ ಕಂಪನಿಯ ನಾಯಕತ್ವ ಶಿಬಿರದಲ್ಲಿ ಸಾಧಿಸಬೇಕಾದ ಗುಣಗಳು ಅಂತ ಸ್ಲೈಡ್ ಹಾಕಿ ತೋರಿಸಿದ್ದರಂತೆ. ತನಗೆ ತಾನೇ ಅಂಕ ಹಾಕಿಕೊಂಡವರು ಒಬ್ಬರೂ ಇರಲಿಲ್ಲ. ಅದಕ್ಕೇನಾದರೂ ಪಟ್ಟಿಯಲ್ಲಿ ಅಂಕವಿದೆಯೋ ಏನೋ.

ಕಂಪನಿ ಅಂದಾಗ ಪ್ಯಾಟ್ರಿಕ್ ಬೇಟ್‌ಮನ್ ನೆನಪಾಗದೆ ಇರುತ್ತಾನೆಯೇ. ಬ್ರೆಟ್ ಈಸ್ಟನ್ ಎಲ್ಲಿಸ್‌ನ 'ಅಮೆರಿಕನ್ ಸೈಕೋ'ದಲ್ಲಿ ಇವನೇ 'ನಾನು'. ವಾಲ್ ಸ್ಟ್ರೀಟಿನ ಹುಡುಗ. ಯಾರ ಕೋಟು ಯಾವ ಕಂಪನಿಯದು, ಯಾರ ವಿಸಿಟಿಂಗ್ ಕಾರ್ಡಿನ ಕಾಗದ ಎಷ್ಟು ದಪ್ಪ ಅಂತ ಪುಟಗಟ್ಟಲೆ ಹೇಳುತ್ತಾನೆ. ಅದೇ ದನಿಯಲ್ಲಿ, ಸ್ವರ ಏರಿಳಿಯದೆ, ಮನುಷ್ಯರನ್ನು ಕತ್ತರಿಸಿದ್ದನ್ನೂ ಹೇಳುತ್ತಾನೆ. ಕಡೆಗೆ ವಕೀಲನ ಫೋನಿಗೆ ತಪ್ಪೊಪ್ಪಿಗೆಯನ್ನೆಲ್ಲ ತುಂಬಿಸಿ ಇಟ್ಟರೆ, ವಕೀಲ ಅದನ್ನು ತಮಾಷೆ ಅಂದುಕೊಳ್ಳುತ್ತಾನೆ, ಎದುರಿಗೇ ಸಿಕ್ಕಾಗ ಇವನನ್ನು ಬೇರೆ ಯಾರೋ ಅಂದುಕೊಂಡು ಮಾತಾಡುತ್ತಾನೆ. ಎಲ್ಲರ ಕೋಟೂ ಒಂದೇ, ತಲೆಬಾಚುವುದೂ ಒಂದೇ; ಕೊಲೆಗಾರನಾದರೂ ತನ್ನನ್ನು ಗುರುತಿಸಿಕೊಳ್ಳುವುದು ಹೇಗೆ, ಪಾಪ. ಅವನ ಆರಾಧ್ಯದೈವ ಡೊನಾಲ್ಡ್ ಟ್ರಂಪ್. 1991ರಲ್ಲಿ ಇದು ವ್ಯಂಗ್ಯವಾಗಿತ್ತು.

ಆ ಪುಸ್ತಕ ಹೊರಬಂದ ಕಥೆ ಪುಸ್ತಕಕ್ಕಿಂತ ರುಚಿ. ಒಪ್ಪಂದ ಮಾಡಿಕೊಂಡಿದ್ದ ಸೈಮನ್ ಅಂಡ್ ಶುಸ್ಟರ್ ಪ್ರಕಾಶನ ಸಂಸ್ಥೆ 1990ರ ನವೆಂಬರಿನಲ್ಲಿ, ಪುಸ್ತಕ ಅಂಗಡಿಗೆ ಹೋಗುವ ಹೊತ್ತಿಗೆ, ಅಭಿರುಚಿಯ ಪ್ರಶ್ನೆ ಎತ್ತಿ ಕೈಬಿಟ್ಟಿತು. ಆ ಸಂಸ್ಥೆಯ ಒಡೆತನ ಆಗ ಪ್ಯಾರಾಮೌಂಟ್ ಕಂಪನಿಯದು. ಅದೇ ಪ್ಯಾರಾಮೌಂಟ್ 1980ರಿಂದ 1989ರವರೆಗೆ, ಮುಖವಾಡದ ಆಸಾಮಿಯೊಬ್ಬ ಹರೆಯದ ಹುಡುಗ ಹುಡುಗಿಯರನ್ನು ಬಗೆಬಗೆಯಾಗಿ ಕೊಚ್ಚುವ 'ಫ್ರೈಡೇ ದಿ ಥರ್ಟೀನ್ತ್' ಸರಣಿಯ ಎಂಟು ಸಿನಿಮಾಗಳನ್ನು ಬಿಡುಗಡೆ ಮಾಡಿ ಗಲ್ಲಾ ತುಂಬಿಸಿಕೊಂಡಿತ್ತು. ಅಭಿರುಚಿ ಅಂದಮೇಲೆ ಸ್ವಲ್ಪ ಸೂಕ್ಷ್ಮವಿರುತ್ತದೆ: ಮುಖವಾಡ ಹಾಕಿಕೊಂಡು ಕೊಚ್ಚಿದರೆ ಮನರಂಜನೆ, ಕೋಟು ಹಾಕಿಕೊಂಡು ಕೊಚ್ಚಿದರೆ ಅಸಭ್ಯ. ಮುಂಗಡ ಹಣ ಲೇಖಕನ ಬಳಿಯೇ ಉಳಿಯಿತು, ವಿಂಟೇಜ್ ಎಂಬ ಇನ್ನೊಂದು ಪ್ರಕಾಶನ 1991ರಲ್ಲಿ ಪುಸ್ತಕ ತಂದಿತು, ಬೈದವರೆಲ್ಲ ಸೇರಿ ಮಾರಾಟ ಮಾಡಿಸಿಕೊಟ್ಟರು. ಆಸ್ಟ್ರೇಲಿಯಾದವರು ಮಾತ್ರ ಸಮಸ್ಯೆಗೆ ಪರಿಹಾರ ಕಂಡುಕೊಂಡರು: 18 ದಾಟಿದವರಿಗಷ್ಟೇ, ಪ್ಲಾಸ್ಟಿಕ್ ಹೊದಿಕೆಯಲ್ಲಿ ಸುತ್ತಿ ಮಾರಬೇಕು. 2015ರಲ್ಲಿ ಅಡಿಲೇಡ್‌ನ ಪುಸ್ತಕದಂಗಡಿಯೊಂದಕ್ಕೆ ಪೊಲೀಸರು ಬಂದರು. ಬಂದದ್ದು ಯಾಕೆ ಅಂದರೆ, ಪ್ಲಾಸ್ಟಿಕ್ ಸುತ್ತಿರಲಿಲ್ಲ.

ಒಂದು ಆಕ್ಷೇಪಕ್ಕೆ ಮಾತ್ರ ನಗುವಂತಿಲ್ಲ. ಅಮೆರಿಕದ ಮಹಿಳಾ ಸಂಘಟನೆಯವರು ಬೇಟ್‌ಮನ್ನನ ಪುಸ್ತಕಕ್ಕೆ ಬಹಿಷ್ಕಾರ ಹಾಕಿ ಅಂದಾಗ ಅವರು ಅವನು ಒಳ್ಳೆಯವನಲ್ಲ ಅಂತ ದೂರಿದ್ದಲ್ಲ. ಸಾಯುವವರಲ್ಲಿ ಹೆಂಗಸರೇ ಯಾಕೆ ಇಷ್ಟು, ಅವರ ಸಾವಿಗೇ ಇಷ್ಟು ವಿವರ ಯಾಕೆ ಅಂತ ಕೇಳಿದ್ದು. ಲೂ ಫೋರ್ಡನ ಕಥೆಯಲ್ಲೂ ಹೊಡೆತ ತಿನ್ನುವ ಏಮಿ, ಜಾಯ್ಸ್ ಇಬ್ಬರೂ ನಮಗೆ ಕಾಣುವುದು ಅವನ ಕಣ್ಣಿನಲ್ಲೇ. ಅವರಿಗೆ ತಮ್ಮ ಕಡೆಯ ಮಾತು ಹೇಳಲು ಒಂದು ಪುಟವೂ ಸಿಗುವುದಿಲ್ಲ. ಸತ್ತವರಿಗೆ 'ನಾನು' ಅನ್ನುವ ಹಕ್ಕಿಲ್ಲದ ಪ್ರಕಾರ ಇದು. ಥಾಂಪ್ಸನ್ ಮಟ್ಟಿಗೆ ನಾನು ವಾದಿಸಬಲ್ಲೆ, ಆ ಮೌನವೇ ಅಲ್ಲಿ ಆರೋಪಪಟ್ಟಿ ಅಂತ. ಅವನನ್ನು ನಕಲು ಮಾಡುತ್ತ ಬಂದ ಹತ್ತಾರು ಮಂದಿಯ ಪರವಾಗಿ ವಾದಿಸಲಾರೆ. ಅಲ್ಲಿ ಹೆಂಗಸಿನ ಹೆಣ ಅಂದರೆ ಮೊದಲ ಅಧ್ಯಾಯದ ಪೀಠೋಪಕರಣ.

ಇಷ್ಟವಾಗದವರ ಕಾಟ ಒಂದಾದರೆ ಇಷ್ಟವಾಗಿಬಿಟ್ಟವರ ಕಾಟ ಇನ್ನೊಂದು. ಕ್ಯಾರೊಲಿನ್ ಕೆಪ್ನಿಸ್ 2014ರಲ್ಲಿ ಬರೆದ 'ಯೂ' ಕಾದಂಬರಿಯ ಜೋ ಗೋಲ್ಡ್‌ಬರ್ಗ್ ನ್ಯೂಯಾರ್ಕಿನ ಪುಸ್ತಕದಂಗಡಿಯ ಮ್ಯಾನೇಜರ್. ಸುಂದರ, ಓದಿಕೊಂಡವನು, ಪ್ರೀತಿಸಿದವಳ ಫೋನು ಕದ್ದು ನೋಡುತ್ತಾನೆ, ಅಡ್ಡ ಬಂದವರನ್ನು ಅಂಗಡಿಯ ನೆಲಮಾಳಿಗೆಯ ಪಂಜರಕ್ಕೆ ಹಾಕುತ್ತಾನೆ, ಕೊಲ್ಲುತ್ತಾನೆ. ಇದು ಟಿವಿ ಸರಣಿಯಾದದ್ದೇ ತಡ, ನನ್ನನ್ನೂ ಅಪಹರಿಸು ಅಂತ ಅಭಿಮಾನಿಗಳು ಬರೆಯತೊಡಗಿದರು. ಕೊನೆಗೆ ಜೋ ಪಾತ್ರ ಮಾಡಿದ ನಟ ಪೆನ್ ಬ್ಯಾಡ್ಗ್ಲಿಯೇ ಟ್ವಿಟರಿನಲ್ಲಿ ಕೂತು, ಆತ ಕೊಲೆಗಾರ ಕಣ್ರಮ್ಮ ಅಂತ ಒಬ್ಬೊಬ್ಬರಿಗೂ ತಿಳಿಹೇಳಬೇಕಾಯಿತು. ನಮ್ಮಲ್ಲೂ 'ನಂಗೆ ಡಾರ್ಕ್ ಅಂದ್ರೆ ಇಷ್ಟ' ಅನ್ನುವ ಪಂಗಡವೊಂದಿದೆ. ಕಪ್ಪು ಮುಖಪುಟದ ಪುಸ್ತಕ, ಸಕ್ಕರೆಯಿಲ್ಲದ ಕಾಫಿ, ಎರಡನ್ನೂ ಒಂದೇ ಫೋಟೊದಲ್ಲಿ ಹಿಡಿದು, ಪುಸ್ತಕವನ್ನು ಅಲ್ಲಿಗೆ ಮುಚ್ಚುತ್ತಾರೆ. ಅವರಿಂದ ಅಪಾಯವಿಲ್ಲ, ಕಾಫಿ ತಣ್ಣಗಾಗುತ್ತದೆ ಅಷ್ಟೇ.

ದುಷ್ಟರನ್ನು ಕಂಡರೆ ಕನ್ನಡಿಗರಿಗೆ ಹಿಂದಿನಿಂದಲೂ ಆಗದು ಅಂತ ಯಾರಾದರೂ ಅಂದರೆ ನಂಬಬೇಡಿ. ಹತ್ತನೆಯ ಶತಮಾನದಲ್ಲೇ ರನ್ನ 'ಗದಾಯುದ್ಧ'ದಲ್ಲಿ ದುರ್ಯೋಧನನಿಗಾಗಿ ಓದುಗರ ಕಣ್ಣೊದ್ದೆ ಮಾಡಿಸಿದ. ಯಕ್ಷಗಾನದ ಬಯಲಿನಲ್ಲಿ ರಾತ್ರಿ ಏರಿದ ಮೇಲೆ ಜನ ಕಾಯುವುದು ಬಣ್ಣದ ವೇಷಕ್ಕೇ: ಅಕ್ಕಿಹಿಟ್ಟಿನ ಚಿಟ್ಟಿ ಇಟ್ಟ ಮುಖ, ತೆರೆಯ ಹಿಂದಿನಿಂದ ಆರ್ಭಟ, ದೀವಟಿಗೆಗೆ ಎರಚಿದ ರಾಳ ಭಗ್ಗೆಂದು ಹೊತ್ತಿಕೊಳ್ಳುವ ಬೆಂಕಿ, ನಿದ್ದೆಗೆ ಜಾರಿದ ಮಕ್ಕಳೂ ಎದ್ದು ಕೂರುತ್ತವೆ. ಉಪೇಂದ್ರರ 1999ರ 'ಉಪೇಂದ್ರ' ಸಿನಿಮಾದ ಹೀರೋನ ಹೆಸರೇ 'ನಾನು'. ಅವನ ಬಾಯಿಂದ ಬರಬಾರದ್ದೆಲ್ಲ ಬಂದಾಗ ಥಿಯೇಟರಿನಲ್ಲಿ ಬಿದ್ದ ಸಿಳ್ಳೆಗೆ ಲೆಕ್ಕವಿಲ್ಲ. ಹಾಗಾದರೆ ತಕರಾರು ಎಲ್ಲಿ? ರಾಕ್ಷಸ ತಾನು ರಾಕ್ಷಸ ಅಂತ ಕೂಗಿ ಹೇಳಿಕೊಂಡೇ ರಂಗಕ್ಕೆ ಬರುತ್ತಾನೆ. ಲೂ ಫೋರ್ಡನಿಗೆ ಚಿಟ್ಟಿಯಿಲ್ಲ, ರಾಳವಿಲ್ಲ. ಇಸ್ತ್ರಿ ಅಂಗಿ ಹಾಕಿಕೊಂಡು ಬಂದು, ಊಟ ಆಯ್ತಾ ಅಂತ ಕೇಳುತ್ತಾನೆ.

ಇಸ್ತ್ರಿ ಅಂಗಿಯ ಇನ್ನೊಬ್ಬ ನಿರೂಪಕ ನಮ್ಮಲ್ಲೇ ಇದ್ದಾನೆ. ವಿವೇಕ ಶಾನಭಾಗರ 'ಘಾಚರ್ ಘೋಚರ್'ನಲ್ಲಿ ಬೆಂಗಳೂರಿನ ಕಾಫಿ ಹೌಸಿನಲ್ಲಿ ಕೂತು ಮನೆಯ ಕಥೆ ಹೇಳುವವನು. ಅವನು ಯಾರನ್ನೂ ಕೊಲ್ಲುವುದಿಲ್ಲ. ಏನನ್ನೂ ಮಾಡುವುದಿಲ್ಲ, ಅದೇ ಅವನ ಉದ್ಯೋಗ. ಮಸಾಲೆ ವ್ಯಾಪಾರದ ಚಿಕ್ಕಪ್ಪನ ದುಡ್ಡಿನಲ್ಲಿ ಉಣ್ಣುತ್ತಾನೆ. ಚಿಕ್ಕಪ್ಪನನ್ನು ಹುಡುಕಿಕೊಂಡು, ಪ್ರೀತಿಯಿಂದ ಮಾಡಿದ ಸಾರು ಹಿಡಿದು ಬಾಗಿಲಿಗೆ ಬಂದ ಹೆಂಗಸನ್ನು ಮನೆಯವರು ಬೈದು ಬೀದಿಗೆ ಅಟ್ಟುವಾಗ ಒಳಗೇ ಇರುತ್ತಾನೆ. ಹೆಂಡತಿ ನ್ಯಾಯ ಮಾತಾಡಿದರೆ ಇವನಿಗೆ ಕಿರಿಕಿರಿ. ಆ ಮನೆಯಲ್ಲಿ ಇರುವೆಗಳಿಗೆ ಏನಾಯಿತು ಅಂತ ಓದಿದವರಿಗೆ ಗೊತ್ತು. ಹೆಂಡತಿಗೆ ಏನಾಗಿರಬಹುದು ಎಂದು ಓದಿದವರು ಇನ್ನೂ ಗುಸುಗುಸು ಮಾತಾಡುತ್ತಾರೆ. ಈ ಪುಸ್ತಕ ನಮ್ಮ ಬಳಗದಲ್ಲಿ ಚರ್ಚೆಗೆ ಬಂದ ದಿನ ನಿರೂಪಕ ಇಷ್ಟವಾಗಲಿಲ್ಲ ಅಂತ ಒಬ್ಬರೂ ಅನ್ನಲಿಲ್ಲ. 'ಪಾಪ, ಅವನಾದರೂ ಏನು ಮಾಡೋಕಾಗುತ್ತೆ' ಅಂದರು. ರಿಲೇಟ್ ಆಗಲಿಲ್ಲ ಅನ್ನುವ ಹುಡುಗ ಕೂಡ ಅವತ್ತು ಪಿಟಿಕ್ಕೆನ್ನಲಿಲ್ಲ. ನನ್ನ ಮಟ್ಟಿಗೆ ಇವನು ಲೂ ಫೋರ್ಡನಿಗಿಂತ ಭಯಂಕರ. ಲೂ ಕಥೆಗೆ ಒಂದು ಕೊನೆಯಿದೆ; ಪೊಲೀಸರು, ಬೆಂಕಿ, ಸಾವು. ಈತ ಇನ್ನೊಂದು ಕಾಫಿ ತರಿಸಿಕೊಳ್ಳಬಲ್ಲ.

ಕಳೆದ ಸರದಿಯಲ್ಲಿ ಅರವಿಂದ ಅಡಿಗರ 'ದಿ ವೈಟ್ ಟೈಗರ್' ಇತ್ತು. ಅಡಿಗರು ಮಂಗಳೂರಿನಲ್ಲಿ ಬೆಳೆದವರು, ಪುಸ್ತಕಕ್ಕೆ 2008ರ ಬೂಕರ್ ಬಂದದ್ದು, ಇದೆಲ್ಲ ಇರಲಿ. ಬಳಗಕ್ಕೆ ಹೆಮ್ಮೆಯಾದದ್ದು ಕೊಲೆಗಾರ ನಮ್ಮೂರಿಗೇ ಬಂದು ನೆಲೆಸಿದ್ದಕ್ಕೆ. ಡ್ರೈವರ್ ಬಲರಾಮ ಹಲ್ವಾಯಿ ದೆಹಲಿಯಲ್ಲಿ ತನ್ನ ಯಜಮಾನನನ್ನು ಒಡೆದ ವಿಸ್ಕಿ ಬಾಟಲಿಯಿಂದ ಕೊಂದು, ಲಂಚ ಕೊಡಲೆಂದು ಒಯ್ಯುತ್ತಿದ್ದ ಏಳು ಲಕ್ಷ ರೂಪಾಯಿಯ ಚೀಲ ಎತ್ತಿಕೊಂಡು ಬೆಂಗಳೂರಿಗೆ ಬರುತ್ತಾನೆ. ಅದಕ್ಕೆ ಊರಿನಲ್ಲಿ ತನ್ನ ಇಡೀ ಮನೆತನದ ತಲೆ ಹೋಗಬಹುದೆಂದು ಗೊತ್ತಿದ್ದೇ ಬರುತ್ತಾನೆ. ಇಲ್ಲಿ ಪೊಲೀಸರ ಕೈ ಬಿಸಿಮಾಡಿ, ಲೈಸೆನ್ಸ್ ಇಲ್ಲದ ಡ್ರೈವರುಗಳನ್ನಿಟ್ಟುಕೊಂಡಿದ್ದ ಎದುರಾಳಿಯನ್ನು ಎತ್ತಂಗಡಿ ಮಾಡಿಸಿ, ಕಾಲ್ ಸೆಂಟರಿನವರನ್ನು ರಾತ್ರಿ ಮನೆಗೆ ಬಿಡುವ ಟ್ಯಾಕ್ಸಿ ಕಂಪನಿ ಶುರುಮಾಡುತ್ತಾನೆ. ಚೀನಾದ ಪ್ರಧಾನಿಗೆ ಏಳು ರಾತ್ರಿ ಪತ್ರ ಬರೆದು ತನ್ನ ಯಶಸ್ಸಿನ ಗುಟ್ಟು ಹೇಳುತ್ತಾನೆ. ಅವನ ಕಾರೊಂದು ಸೈಕಲ್ ಮೇಲೆ ಹೋಗುತ್ತಿದ್ದ ಹುಡುಗನನ್ನು ಕೊಂದಾಗ ಕೇಸು ಮುಚ್ಚಿಸುತ್ತಾನೆ. ಆಮೇಲೆ ತಾನೇ ಆ ಮನೆಗೆ ಹೋಗಿ ದುಡ್ಡು ಕೊಟ್ಟು, ಸತ್ತವನ ಅಣ್ಣನಿಗೆ ಕೆಲಸವನ್ನೂ ಕೊಡುತ್ತಾನೆ.

ಅವತ್ತು ಹಾಲಿನಲ್ಲಿ ಎಲ್ಲರ ಮುಖದಲ್ಲೂ ಕಳೆ. ಸಾಫ್ಟ್‌ವೇರ್ ಹುಡುಗ ಪುಸ್ತಕದಲ್ಲಿ ಹಳದಿ ಗೆರೆ ಎಳೆದುಕೊಂಡು ಬಂದಿದ್ದ. ಡ್ರೈವರುಗಳನ್ನು ಆಳುಗಳೆನ್ನದೆ ಕರಾರುಪತ್ರ ಬರೆಸಿಕೊಂಡು ನೌಕರರೆಂದು ನೋಡುವುದನ್ನು ಅವರ ಕಂಪನಿಯೂ ಕಲಿಯಬೇಕು ಅಂದ. ಬಲರಾಮ ಕನ್ನಡ ಕಲಿತನೋ ಇಲ್ಲವೋ ಪುಸ್ತಕದಲ್ಲಿ ಸ್ಪಷ್ಟವಿಲ್ಲ ಎಂಬ ಒಂದೇ ಒಂದು ಆಕ್ಷೇಪ ಸೋಫಾದ ಆಚೆ ತುದಿಯಿಂದ ಬಂತು. ದಂತವೈದ್ಯೆ ಮಾತ್ರ ಕೋಡುಬಳೆ ಮುರಿಯುತ್ತ, 'ಎಲ್ಲಾ ಸರಿ, ಆದರೂ ಆ ಯಜಮಾನ ಅಂಥಾ ಕೆಟ್ಟವನೇನಲ್ಲ. ಆ ಕೊಲೆ ಬೇಕಿತ್ತಾ ಸಾರ್?' ಅಂದರು.

ಮ್ಯಾನೇಜರು ಕಾಫಿ ಲೋಟ ಕೆಳಗಿಟ್ಟರು. 'ಏಳು ಲಕ್ಷ ಮೇಡಂ. ಜಾಮೀನಿಲ್ಲದೆ ಅವನಿಗೆ ಯಾವ ಬ್ಯಾಂಕ್ ಕೊಡ್ತಿತ್ತು ಹೇಳಿ?'